ಪಶ್ಚಿಮದ ಬಾಲ್ಕನಿ, ಸುಡು ಬಿಸಿಲು: ಬೀಜದಿಂದ ಯಾವ ಹೂವು ಬರುತ್ತದೆ?

ಬೋರಿವಲಿ_ಬಾಲ್ಕನಿ:

ನಮಸ್ಕಾರ ಎಲ್ಲರಿಗೂ. ಮುಂಬೈನ ಬೋರಿವಲಿಯಲ್ಲಿ ಏಳನೇ ಮಹಡಿ, ಪಶ್ಚಿಮಕ್ಕೆ ತೆರೆದ ಬಾಲ್ಕನಿ. ಮಧ್ಯಾಹ್ನ ಒಂದು ಗಂಟೆಗೆ ಶುರುವಾದ ಬಿಸಿಲು ಸೂರ್ಯ ಮುಳುಗುವ ತನಕ ನೇರ ಒಳಗೇ ಬರುತ್ತದೆ. ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಈಗ ಮಾರ್ಚ್ ಕೊನೆ. ನರ್ಸರಿಯಿಂದ ಹೂ ಬಿಟ್ಟ ಗಿಡ ತಂದಿಡುವುದು ಬೇಡ, ಬೀಜ ಹಾಕಿಯೇ ಬೆಳೆಸಬೇಕು ಅಂತ ಆಸೆ. ಮಗಳು ಮೂರನೇ ಕ್ಲಾಸು, ಮೊಳಕೆ ಬರುವುದನ್ನು ಅವಳೂ ನೋಡಲಿ.

ಕಷ್ಟ ಏನೆಂದರೆ ಇಬ್ಬರೂ ಬೆಳಿಗ್ಗೆ ಲೋಕಲ್ ಟ್ರೈನ್ ಹಿಡಿದು ಹೋದರೆ ಬರುವುದು ರಾತ್ರಿಯೇ. ದಿನಕ್ಕೆ ಒಂದು ಸಲ ನೀರು ಹಾಕಬಹುದು, ಅದಕ್ಕಿಂತ ಜಾಸ್ತಿ ಉಪಚಾರ ಆಗದು. ಮೇ ಕೊನೆಯಲ್ಲಿ ಒಂದು ವಾರ ಶಿರಸಿಗೆ ಹೋಗುವುದಿದೆ, ಆಗ ಅದೂ ಇಲ್ಲ. ಆನ್‌ಲೈನ್‌ನಲ್ಲಿ ನೋಡಿದರೆ ಪ್ಯಾನ್ಸಿ, ಪೆಟುನಿಯಾ, ಜಿನ್ನಿಯಾ, ಕಾಸ್ಮೋಸ್, ಡಯಾಂಥಸ್ ಎಲ್ಲದರ ಪೊಟ್ಟಣದ ಮೇಲೂ ‘ಸುಲಭ’ ಅಂತಲೇ ಬರೆದಿದೆ. ಇದರಲ್ಲಿ ನಿಜವಾಗಿ ಸುಲಭ ಯಾವುದು? ಬರೀ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಹಾಕಿದರೆ ನಡೆಯುತ್ತದಾ? ದಸರಾಕ್ಕೆ ಮನೆಯದೇ ಚೆಂಡು ಹೂವು ಸಿಗುವ ಹಾಗೆ ಮಾಡಬಹುದಾ? ಮುಂಬೈ ಕಡೆಯವರು ಹೇಳಿದರೆ ಒಳ್ಳೆಯದು, ಬೇರೆಯವರೂ ಹೇಳಿ.

ಕೋಥ್ರೂಡ್_ಗಚ್ಚಿ:

ಪುಣೆಯವನು, ಆದರೂ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿ ಪ್ಯಾನ್ಸಿ, ಪೆಟುನಿಯಾ, ಡಯಾಂಥಸ್ ಮೂರನ್ನೂ ಈಗಲೇ ಹೊಡೆದು ಹಾಕಿ. ಅವು ಚಳಿಗಾಲದ ಹೂವು. ನಮ್ಮ ಕಡೆ ಅಕ್ಟೋಬರ್‌ನಲ್ಲಿ ಬಿತ್ತಬೇಕು, ಡಿಸೆಂಬರ್-ಜನವರಿಯಲ್ಲಿ ನೋಡಬೇಕು, ಮಾರ್ಚ್ ಬಿಸಿಲಿಗೆ ಕೈಮುಗಿದು ಕಳಿಸಬೇಕು. ಜನವರಿಯಲ್ಲಿ ಇಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ಪುಷ್ಪ ಪ್ರದರ್ಶನ ನಡೆಯುತ್ತದೆ. ಸಾಲು ಸಾಲು ಪೆಟುನಿಯಾ ನೋಡಿ ಮರುಳಾಗಿ ಫೆಬ್ರವರಿಯಲ್ಲಿ ಅದರ ಬೀಜ ಹುಡುಕುವವರು ಪ್ರತಿ ವರ್ಷ ಇರುತ್ತಾರೆ. ನಿಮ್ಮ ಮುಂಬೈನ ರಾಣಿಬಾಗ್ ಉದ್ಯಾನದ ಪ್ರದರ್ಶನ ನೋಡಿ ಬಂದವರೂ ಅದನ್ನೇ ಮಾಡುತ್ತಾರೆ ಅಂತ ಕಾಣುತ್ತದೆ. ಪೊಟ್ಟಣದಲ್ಲಿ ‘ಸುಲಭ’ ಅಂತ ಬರೆದವರು ಯಾವ ತಿಂಗಳಲ್ಲಿ ಸುಲಭ ಅಂತ ಬರೆಯುವುದಿಲ್ಲ, ಅಷ್ಟೇ ತೊಂದರೆ.

ಈಗ ಬಿತ್ತುವುದಾದರೆ ನನ್ನ ವೋಟು ಜಿನ್ನಿಯಾಗೆ. ಮೂಲ ಮೆಕ್ಸಿಕೋದ್ದು, ಬಿಸಿಲಿಗೆ ಹುಟ್ಟಿದ ಗಿಡ. ಬೀಜ ದೊಡ್ಡದು, ಮಗುವಿನ ಬೆರಳಿಗೂ ಸಿಗುತ್ತದೆ. ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ ಮೇಲೆ ಮಣ್ಣು ಉದುರಿಸಿದರೆ ಈ ಸೆಕೆಗೆ ನಾಲ್ಕೈದು ದಿನದಲ್ಲಿ ಮೊಳಕೆ. ನೇರ ಕುಂಡದಲ್ಲೇ ಬಿತ್ತಿ. ಟ್ರೇಯಲ್ಲಿ ಎಬ್ಬಿಸಿ ಕಿತ್ತು ನೆಡುವುದು ಅದಕ್ಕೆ ಹಿಡಿಸುವುದಿಲ್ಲ, ಬೇರು ಅಲುಗಿದರೆ ಸುಮ್ನೆ ಮುನಿಸಿಕೊಂಡು ಕೂರುತ್ತದೆ. ಮೂರು-ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿ. ಚಿವುಟಲು ಮನಸ್ಸು ಬರುವುದಿಲ್ಲ ಅಂತ ಗೊತ್ತು, ಆದರೂ ಚಿವುಟಿ, ಇಲ್ಲದಿದ್ದರೆ ಒಂದೇ ಕೋಲು ಎದ್ದು ನಿಂತು ತುದಿಯಲ್ಲಿ ಒಂದು ಹೂವು ಬಿಟ್ಟು ಮುಗಿಸುತ್ತದೆ. ಬಿತ್ತಿದ ಎರಡು ತಿಂಗಳೊಳಗೆ ಹೂವು. ಬಾಡಿದ್ದನ್ನು ಕತ್ತರಿಸುತ್ತಾ ಇದ್ದರೆ ಮತ್ತೆ ಮತ್ತೆ ಬಿಡುತ್ತದೆ.

ಕಾಸ್ಮೋಸ್ ಹಾಕುವುದಾದರೆ ಹಳದಿ-ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ, ಬಿಸಿಲು ತಡೆಯುತ್ತದೆ. ತಿಳಿ ಗುಲಾಬಿ ಬಣ್ಣದ, ಸಬ್ಬಸಿಗೆಯಂಥ ಎಲೆಯದು ಹಗಲು ಕಿರಿದಾದಾಗ ಹೂ ಬಿಡುವ ಗಿಡ, ಅದಕ್ಕೆ ಸೆಪ್ಟೆಂಬರ್‌ವರೆಗೆ ಕಾಯಿರಿ. ಗೊಬ್ಬರ ಮಾತ್ರ ಹಾಕಬೇಡಿ. ಕಾಸ್ಮೋಸ್‌ಗೆ ಗೊಬ್ಬರ ಜಾಸ್ತಿಯಾದರೆ ಆಳೆತ್ತರ ಎಲೆ ಬರುತ್ತದೆ, ಹೂವಿಗೆ ಪುರುಸೊತ್ತೇ ಇರುವುದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಬೇರೆ ವಿಷಯ. ಕಿತ್ತಳೆ ಕಾಸ್ಮೋಸ್ ಬೀಜ ತಾನೇ ಉದುರಿ ತಾನೇ ಹುಟ್ಟುತ್ತದೆ. ಪುಣೆ ಸುತ್ತಲಿನ ಗುಡ್ಡಗಳಲ್ಲಿ ಮಳೆಗಾಲ ಮುಗಿಯುವಾಗ ಇಡೀ ಇಳಿಜಾರು ಕಿತ್ತಳೆಯಾಗಿ ಕಾಣುವುದು ಇದರಿಂದಲೇ. ಜನ ಅಲ್ಲಿ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆದರೆ ಅಲ್ಲಿನ ಹುಲ್ಲು, ಕಾಡುಹೂವುಗಳ ಜಾಗವನ್ನು ಅದು ನುಂಗುತ್ತಿದೆ. ಬಾಲ್ಕನಿಯಲ್ಲಿ ಬೆಳೆಸಿ, ಚಾರಣಕ್ಕೆ ಹೋದಾಗ ‘ಚೆಂದ ಆಗಲಿ’ ಅಂತ ಬೀಜ ಎರಚಬೇಡಿ ದಯವಿಟ್ಟು.

ಡೊಂಬಿವಲಿ_ದಾಸವಾಳ:

ಗಚ್ಚಿಯವರು ಹೇಳಿದ್ದು ಪುಣೆಗೆ ಸರಿ. ಮುಂಬೈಗೆ ಅರ್ಧ ಸರಿ. ಪುಣೆಯಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ಹತ್ತಿರ ಹೋದರೂ ಗಾಳಿ ಒಣ, ರಾತ್ರಿ ಸ್ವಲ್ಪ ತಂಪು. ನಮ್ಮಲ್ಲಿ 34 ಇದ್ದರೂ ಅಂಗಿ ಬೆನ್ನಿಗೆ ಅಂಟುತ್ತದೆ, ರಾತ್ರಿಯೂ ಅದೇ ಸೆಕೆ. ಗಿಡಕ್ಕೆ ಇವೆರಡೂ ಒಂದೇ ಅಲ್ಲ. ಜಿನ್ನಿಯಾ ಈಗ ಹಾಕಿದರೆ ಮೇನಲ್ಲಿ ಚೆನ್ನಾಗಿ ಹೂ ಬಿಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಜೂನ್ ಎರಡನೇ ವಾರ ಮಳೆ ಹಿಡಿಯಿತು ಅಂದರೆ ಎಲೆ ಮೇಲೆ ಕಂದು ಚುಕ್ಕೆ, ಆಮೇಲೆ ಬೂದಿ ರೋಗ, ಗಿಡ ಕೆಳಗಿನಿಂದ ಬೋಳಾಗುತ್ತಾ ಹೋಗುತ್ತದೆ. ಹಾಗಾಗಿ ಅದನ್ನು ಎರಡು ತಿಂಗಳ ಅತಿಥಿ ಅಂತ ತಿಳಿದು ಹಾಕಿ. ಕುಂಡಗಳ ನಡುವೆ ಗಾಳಿ ಆಡಲು ಜಾಗ ಬಿಡಿ, ನೀರನ್ನು ಎಲೆ ಮೇಲೆ ಸುರಿಯದೆ ಬುಡಕ್ಕೆ ಹಾಕಿ. 2016ರ ಜನವರಿಯಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿನ್ನಿಯಾ ಅರಳಿಸಿದರಲ್ಲ, ಅದಕ್ಕೆ ಮುಂಚೆ ಅಲ್ಲೂ ತೇವ ಜಾಸ್ತಿಯಾಗಿ ಎಲೆಗೆ ಬೂಷ್ಟು ಹಿಡಿದಿತ್ತು, ಫ್ಯಾನ್ ಜೋರು ಮಾಡಿದ್ದರು. ಅಷ್ಟು ಖರ್ಚಿನ ಗಿಡಕ್ಕೇ ಹಾಗೆ ಅಂದಮೇಲೆ ನಮ್ಮ ಬಾಲ್ಕನಿಯದು ಯಾವ ಲೆಕ್ಕ.

ನಿಮ್ಮ ಬಾಲ್ಕನಿಗೆ, ಅದರಲ್ಲೂ ಒಂದು ವಾರ ಊರಿಗೆ ಹೋಗುವವರಿಗೆ, ಮೊದಲ ಹೆಸರು ಟೇಬಲ್ ರೋಸ್. ಇಲ್ಲಿನ ನರ್ಸರಿಗಳಲ್ಲಿ ‘ಆಫೀಸ್ ಟೈಮ್’ ಅಂದರೂ ಕೊಡುತ್ತಾರೆ. ಎಲೆ, ದಂಟಿನಲ್ಲೇ ನೀರು ತುಂಬಿಟ್ಟುಕೊಳ್ಳುವ ಗಿಡ, ಬಿಸಿಲು ಬಿದ್ದರೆ ಮಾತ್ರ ಹೂವು ತೆರೆಯುತ್ತದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ನಿಮ್ಮದು ಪಶ್ಚಿಮ ಆದ್ದರಿಂದ ಬೆಳಿಗ್ಗೆ ಹತ್ತಕ್ಕೆ ಅರಳದೆ ಬಿಸಿಲು ಬಂದ ಮೇಲೆ ಅರಳಬಹುದು. ವಾರದ ದಿನಗಳಲ್ಲಿ ನೀವು ಬರುವಷ್ಟರಲ್ಲಿ ಮುಚ್ಚಿರುತ್ತದೆ. ಮಗಳು ಶಾಲೆಯಿಂದ ಬಂದಾಗ ನೋಡುತ್ತಾಳೆ, ನಿಮಗೆ ಭಾನುವಾರವೇ ಗತಿ. ಇದರ ಬೀಜ ಗಸಗಸೆಗಿಂತ ಸಣ್ಣದು, ಮಣ್ಣಿನಡಿ ಹೂತರೆ ಬರುವುದಿಲ್ಲ, ಬೆಳಕು ಬೇಕು. ಒಂದು ಚಮಚ ಒಣ ಮರಳಿಗೆ ಬೆರೆಸಿ ತೇವದ ಮಣ್ಣಿನ ಮೇಲೆ ಉದುರಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ ಬಿಡಿ. ನೀರನ್ನು ಸ್ಪ್ರೇಯಲ್ಲೇ ಕೊಡಿ, ಮಗ್ಗಿನಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಸೇರುತ್ತದೆ.

ಎರಡನೆಯದು ನಿತ್ಯಪುಷ್ಪ, ಮರಾಠಿಯವರ ಸದಾಫುಲಿ. ಮುಂಬೈಯಲ್ಲಿ ಹಳೇ ಕಟ್ಟಡದ ಗೋಡೆ ಬಿರುಕಿನಲ್ಲೂ ಗುಲಾಬಿ ಹೂವು ಬಿಟ್ಟುಕೊಂಡು ನಿಂತಿರುವುದು ನೋಡಿರುತ್ತೀರಿ. ಅಲ್ಲಿ ಯಾರೂ ಹೋಗಿ ನೀರು ಹಾಕುತ್ತಿಲ್ಲ. ಅದಕ್ಕಿಂತ ದೊಡ್ಡ ಶಿಫಾರಸು ಬೇಕಾ? ಟೇಬಲ್ ರೋಸ್‌ಗೆ ಉಲ್ಟಾ, ಇದರ ಬೀಜಕ್ಕೆ ಕತ್ತಲೆ ಬೇಕು. ಬಿತ್ತಿ ಮಣ್ಣು ಮುಚ್ಚಿ, ಮೊಳಕೆ ಕಾಣುವ ತನಕ ಮೇಲೊಂದು ರಟ್ಟು ಇಡಿ. ಹತ್ತು-ಹದಿನೈದು ದಿನ ಹಿಡಿಯುತ್ತದೆ, ಹೂವಿಗೆ ಮೂರು ತಿಂಗಳು ಹತ್ತಿರ. ತಾಳ್ಮೆ ಬೇಕು, ಆದರೆ ಒಮ್ಮೆ ಶುರುವಾದರೆ ವರ್ಷಪೂರ್ತಿ. ಇದನ್ನು ಕೊಲ್ಲುವುದು ನೀರು ಒಂದೇ, ಬುಡ ಕೊಳೆಯುತ್ತದೆ. ಬಣ್ಣಬಣ್ಣದ ಹೈಬ್ರಿಡ್‌ಗಿಂತ ದೇಸಿ ಗುಲಾಬಿ, ಬಿಳಿ ನಮ್ಮ ಮಳೆಗೆ ಗಟ್ಟಿ. ಈ ಗಿಡದಿಂದ ಕ್ಯಾನ್ಸರ್ ಔಷಧಿ ತೆಗೆಯುತ್ತಾರೆ ಅಂತ ಕೇಳಿ ಕೆಲವರು ಎಲೆ ಜಗಿಯುತ್ತಾರೆ. ಔಷಧಿ ನಿಜ, ಎಲೆ ವಿಷ ಎಂಬುದೂ ಅಷ್ಟೇ ನಿಜ. ಮಗಳಿಗೆ ಹೇಳಿಡಿ.

ಬರೀ ಕೋಕೋಪೀಟ್ ಬೇಡ. ಅದರಲ್ಲಿ ಸತ್ವ ಇಲ್ಲ. ಪಶ್ಚಿಮದ ಬಿಸಿಲಿಗೆ ಒಮ್ಮೆ ಪೂರ್ತಿ ಒಣಗಿದರೆ ಆಮೇಲೆ ಸುರಿದ ನೀರನ್ನು ತಕ್ಷಣ ಹೀರುವುದಿಲ್ಲ, ನೀರು ಕುಂಡದ ಬದಿಯಿಂದ ಇಳಿದು ಕೆಳಗಿನ ಮನೆಯವರ ಒಗೆದ ಬಟ್ಟೆ ಮೇಲೆ ಬೀಳುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ ಅಥವಾ ಹಳೇ ಕಾಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ. ಚೀಲದಲ್ಲಿ ಸಿಗುವ ಕೆಂಪು ಮಣ್ಣು ತುಂಬಾ ನಯವಾಗಿದ್ದರೆ ಸ್ವಲ್ಪ ದಪ್ಪ ಮರಳೂ ಸೇರಿಸಿ, ಇಲ್ಲದಿದ್ದರೆ ಇಟ್ಟಿಗೆಯಾಗುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ, ಬೇರು ಬೇಯುತ್ತದೆ. ಬಿಳಿ ಅಥವಾ ಮಣ್ಣಿನದು ಇರಲಿ.

ಮತ್ತೆ ಪಾರಿವಾಳ! ಅದನ್ನು ಯಾರೂ ಹೇಳುವುದಿಲ್ಲ. ಬೀಜ ಹಾಕಿದ ಕುಂಡ ಕಂಡರೆ ಕೆದಕುತ್ತವೆ, ಇಲ್ಲವಾದರೆ ಅದರಲ್ಲೇ ಕೂತು ಸಂಸಾರ ಹೂಡುತ್ತವೆ. ಸಸಿ ಅಂಗೈ ಎತ್ತರ ಬರುವ ತನಕ ಹಳೇ ಪ್ಲಾಸ್ಟಿಕ್ ಬುಟ್ಟಿ ಕವುಚಿ ಇಡಿ.

ಮಾಟುಂಗಾ_ಮೂರನೇಮಹಡಿ:

ಬೀಜದ ವಿಷಯ ನನಗೆ ಗೊತ್ತಿಲ್ಲ, ಬಿಸಿಲಿನ ವಿಷಯ ಒಂದು ಹೇಳುತ್ತೇನೆ, ಇದನ್ನು ಓದುವ ದಕ್ಷಿಣದ ಬಾಲ್ಕನಿಯವರಿಗಾಗಿ. ಮುಂಬೈ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯದಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು, ಆಮೇಲೆ ಜುಲೈ ಕೊನೆಯ ತನಕ ಮಧ್ಯಾಹ್ನಕ್ಕೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಅಂದರೆ ಚಳಿಗಾಲದಲ್ಲಿ ಇಡೀ ದಿನ ಬಿಸಿಲು ತಿನ್ನುವ ದಕ್ಷಿಣದ ಬಾಲ್ಕನಿಗೆ ಮೇ-ಜೂನ್‌ನಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ ಅನ್ನಬಹುದು. ಸೆಕೆ ಇದೆ, ಬಿಸಿಲಿಲ್ಲ. ಅಂಥ ಕಡೆ ಟೇಬಲ್ ರೋಸ್ ಹಾಕಿ ಹೂ ಬಿಡಲಿಲ್ಲ ಅಂತ ಬೀಜದವನನ್ನು ಬೈಯುವುದರಲ್ಲಿ ಅರ್ಥ ಇಲ್ಲ. ಬೋರಿವಲಿಯವರೇ, ನಿಮ್ಮದು ಪಶ್ಚಿಮ, ನಿಮಗೆ ಆ ಚಿಂತೆ ಇಲ್ಲ. ಕೋಥ್ರೂಡಿನವರು ಗಚ್ಚಿಯ, ಅಂದರೆ ತಾರಸಿಯ ಮೇಲೆ ಬೆಳೆಸುವವರು, ಅವರಿಗಂತೂ ಎಲ್ಲ ದಿಕ್ಕೂ ಒಂದೇ.

ಫೋಂಡಾ_ತೋಟ:

ಗೋವಾದಿಂದ ಬರೆಯುತ್ತಿದ್ದೇನೆ. ಎಲ್ಲರೂ ಬಿಸಿಲಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಈ ಕರಾವಳಿಯಲ್ಲಿ ಗಿಡ ಸಾಯುವುದು ಬಿಸಿಲಿಗಿಂತ ಮಳೆಗೇ ಜಾಸ್ತಿ ಅಲ್ವಾ? ಪುಣೆಗೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಮುಂಬೈಗೆ 2000 ದಾಟುತ್ತದೆ. ನಮ್ಮಲ್ಲಿ 3000 ಹತ್ತಿರ. ಮಾರ್ಚ್‌ನಲ್ಲಿ ಬಿತ್ತಿದ್ದನ್ನು ಜೂನ್ ತಿಂದು ಹಾಕುತ್ತದೆ. ಆದ್ದರಿಂದ ಬೀಜವನ್ನು ಎರಡು ಕಂತಿನಲ್ಲಿ ಹಾಕಬೇಕು. ಬೇಸಿಗೆಗೆ ಒಂದು, ಮಳೆಗೆ ಇನ್ನೊಂದು.

ಮಳೆಯ ಕಂತಿಗೆ ಗೌರಿ ಹೂವು ಅಂತಾರಲ್ಲ, ಕರ್ಣಕುಂಡಲ, ಅದನ್ನು ಹಾಕಿ. ಮರಾಠಿಯಲ್ಲಿ ತೇರಡಾ. ಮೊದಲ ಮಳೆಗೆ ಬಿತ್ತಿದರೆ ಗೌರಿ-ಗಣೇಶ ಹಬ್ಬದ ಹೊತ್ತಿಗೆ ದಂಟಿನ ಉದ್ದಕ್ಕೂ ಹೂವು. ಅದರ ಕಾಯಿ ಬಲಿತ ಮೇಲೆ ಮುಟ್ಟಿದರೆ ಪಟ್ ಅಂತ ಒಡೆದು ಬೀಜ ಚಿಮ್ಮುತ್ತದೆ, ಮೂರನೇ ಕ್ಲಾಸಿನ ಮಗುವಿಗೆ ಅದಕ್ಕಿಂತ ಒಳ್ಳೆಯ ಆಟ ಇಲ್ಲ. ಬಿಸಿಲಿಗೆ ಮಾತ್ರ ಇದು ಹೇಡಿ, ಈಗ ಏಪ್ರಿಲ್‌ನಲ್ಲಿ ಹಾಕಿದರೆ ಮಧ್ಯಾಹ್ನ ಜೋಲು ಬೀಳುತ್ತದೆ. ಕೋಳಿಜುಟ್ಟು ಎರಡೂ ಕಾಲಕ್ಕೆ ನಡೆಯುತ್ತದೆ. ಸಂಜೆಮಲ್ಲಿಗೆಯೂ ಅಷ್ಟೇ. ಮೆಣಸಿನ ಕಾಳಿನಂಥ ಕಪ್ಪು ಬೀಜ, ರಾತ್ರಿ ನೆನೆಸಿ ಹಾಕಿದರೆ ಸಾಕು. ಸಂಜೆ ಅರಳುವುದರಿಂದ ಆಫೀಸಿನಿಂದ ಬರುವ ನಿಮಗೆ ಇದೇ ಸರಿಯಾದ ಹೂವು, ಯಾರೂ ಹೇಳಲಿಲ್ಲ ನೋಡಿ! ಬುಡದಲ್ಲಿ ಗೆಡ್ಡೆ ಕಟ್ಟುತ್ತದೆ, ಆದ್ದರಿಂದ ಕುಂಡ ಆಳ ಇರಲಿ. ಇದರ ಬೀಜ, ಗೆಡ್ಡೆ ಕೂಡ ಬಾಯಿಗೆ ಹಾಕುವಂಥದ್ದಲ್ಲ.

ಅಬೋಲಿ, ಅಂದರೆ ನಮ್ಮ ಕನಕಾಂಬರ, ಬೀಜದಿಂದ ಬರುತ್ತದೆ, ಆದರೆ ಅದನ್ನು ಸುಲಭದ ಪಟ್ಟಿಗೆ ಸೇರಿಸಲಾರೆ. ಒಂದು ಬೀಜ ಈ ವಾರ, ಇನ್ನೊಂದು ಮುಂದಿನ ತಿಂಗಳು ಅಂತ ಅದರ ಮರ್ಜಿಗೆ ಮೊಳೆಯುತ್ತದೆ. ಗೋವಾದಲ್ಲಿ ಎಲ್ಲರ ಅಂಗಳದಲ್ಲೂ ಇದೆ ಅಂದರೆ ಮಳೆ ತಾಗಿದ ಕಾಯಿ ಸಿಡಿದು ಬೀಜ ಬಿದ್ದು ಹುಟ್ಟಿದ್ದನ್ನು ಕಿತ್ತು ಹಂಚಿಕೊಂಡದ್ದು. ಪೊಟ್ಟಣ ತಂದು ಬಿತ್ತಿದವರು ಕಡಿಮೆ.

ದಸರಾ ಚೆಂಡು ಹೂವಿಗೆ ಲೆಕ್ಕ ಹಿಂದಿನಿಂದ ಹಾಕಿ. ದೊಡ್ಡ ಆಫ್ರಿಕನ್ ಜಾತಿಗೆ ಬಿತ್ತಿದ ಮೇಲೆ 60ರಿಂದ 70 ದಿನ ಬೇಕು. ಅಂದರೆ ವಿಜಯದಶಮಿಗೆ ಹತ್ತು ವಾರ ಮುಂಚೆ, ಹೆಚ್ಚುಕಮ್ಮಿ ಜುಲೈ ಕೊನೆ ಅಥವಾ ಆಗಸ್ಟ್ ಮೊದಲು. ಆಗ ಮಳೆ ಜೋರು. ಚೆಂಡು ಹೂವು ಜಿನ್ನಿಯಾ ಹಾಗಲ್ಲ, ಕಿತ್ತು ನೆಟ್ಟರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಗಾಗಿ ಮಳೆ ಹೊಡೆಯದ, ಬೆಳಕು ಬರುವ ಜಾಗದಲ್ಲಿ ಟ್ರೇಯಲ್ಲಿ ಎಬ್ಬಿಸಿ, ನಾಲ್ಕು ವಾರದ ಸಸಿಯನ್ನು ಕುಂಡಕ್ಕೆ ನೆಡಿ. ಸಣ್ಣ ಫ್ರೆಂಚ್ ಜಾತಿ ಇನ್ನೂ ಬೇಗ, 50 ದಿನಕ್ಕೂ ಬರುತ್ತದೆ, ಕುಂಡಕ್ಕೂ ಅದೇ ಹೊಂದುತ್ತದೆ. ಆದರೆ ತೋರಣ ಕಟ್ಟಲು ಹೂವು ಸಣ್ಣದು. ಒಂದು ಬಾಗಿಲಿಗೆ ಆಗುವಷ್ಟು ನಾಲ್ಕೈದು ಕುಂಡದಲ್ಲಿ ಸಿಗುತ್ತದೆ, ಗಾಡಿಗೂ ಮಾಲೆ ಬೇಕು ಅಂದರೆ ದಾದರ್ ಮಾರ್ಕೆಟ್ಟೇ ಗತಿ.

ಕೋಥ್ರೂಡ್_ಗಚ್ಚಿ:

ಸಂಜೆಮಲ್ಲಿಗೆ ಒಪ್ಪಿದೆ, ಅದು ತಲೆಗೆ ಹೊಳೆಯಲೇ ಇಲ್ಲ. ಜಿನ್ನಿಯಾ ವಿಷಯದಲ್ಲಿ ಮಾತ್ರ ಬಗ್ಗುವುದಿಲ್ಲ. ಎರಡು ತಿಂಗಳ ಅತಿಥಿಯಾದರೇನು, ಒಂದು ಹೂವಿನಿಂದ ಹತ್ತಾರು ಬೀಜ ಸಿಗುತ್ತದೆ, ಮಳೆ ಮುಗಿದ ಮೇಲೆ ಮತ್ತೆ ಹಾಕಿ. ಹೂವು ಗಿಡದಲ್ಲೇ ಕಂದು ಬಣ್ಣಕ್ಕೆ ತಿರುಗಿ ಒಣಗಲಿ, ದಳದ ಬುಡದಲ್ಲಿ ಬಾಣದ ತುದಿಯಂಥ ಬೀಜ ಇರುತ್ತದೆ. ಜೂನ್‌ಗೆ ಮುಂಚೆಯೇ ತೆಗೆದು ಚೆನ್ನಾಗಿ ಒಣಗಿಸಿ ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಿ, ಹೊರಗಿಟ್ಟರೆ ನಿಮ್ಮ ಮುಂಬೈ ಗಾಳಿಗೆ ಬೂಷ್ಟು ಬರುತ್ತದೆ. ಪೊಟ್ಟಣದ ಮೇಲೆ ಎಫ್1, ಅಂದರೆ ಮೊದಲ ಪೀಳಿಗೆಯ ಹೈಬ್ರಿಡ್ ಅಂತ ಇದ್ದರೆ ಮರಿಗಳು ತಾಯಿ ಹಾಗೇ ಬರುತ್ತವೆ ಅಂತ ನಂಬಬೇಡಿ. ಏನೋ ಒಂದು ಬಣ್ಣ ಬರುತ್ತದೆ, ಅದೂ ಒಂದು ಮಜಾ.

ಬೋರಿವಲಿ_ಬಾಲ್ಕನಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಹಾಗಾದರೆ ಈಗ ಟೇಬಲ್ ರೋಸ್, ನಿತ್ಯಪುಷ್ಪ, ಸಂಜೆಮಲ್ಲಿಗೆ, ಜೊತೆಗೆ ಗಚ್ಚಿಯವರಿಗೋಸ್ಕರ ಎರಡು ಕುಂಡ ಜಿನ್ನಿಯಾ. ಜೂನ್‌ನಲ್ಲಿ ಗೌರಿ ಹೂವು, ಜುಲೈ ಕೊನೆಗೆ ಚೆಂಡು ಹೂವು. ಮಗಳು ಸಿಡಿಯುವ ಕಾಯಿ ಈಗಲೇ ಬೇಕು ಅಂತ ಹಟ ಹಿಡಿದಿದ್ದಾಳೆ, ಮಳೆ ಬರಲಿ ಅಂತ ಸಮಾಧಾನ ಮಾಡಿದ್ದೇನೆ.

ಉಳಿದದ್ದು ಎರಡೇ ಪ್ರಶ್ನೆ. ಕುಂಡ ಎಷ್ಟು ದೊಡ್ಡದು ಬೇಕು? ಶಿರಸಿಗೆ ಹೋಗುವ ವಾರ ಜಿನ್ನಿಯಾ ಬದುಕುತ್ತದಾ? ಕುಂಡದ ಕೆಳಗೆ ತಟ್ಟೆ ಇಟ್ಟು ತುಂಬಾ ನೀರು ನಿಲ್ಲಿಸಿ ಹೋದರೆ ಆಗುತ್ತದಾ?

ಡೊಂಬಿವಲಿ_ದಾಸವಾಳ:

ತಟ್ಟೆ ಬೇಡ. ಬೇರು ಕೊಳೆಯುವುದು ಒಂದು, ಸೊಳ್ಳೆ ಇನ್ನೊಂದು. ನಿಂತ ನೀರಿನಲ್ಲಿ ಒಂದು ವಾರ-ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ, ನೀವು ವಾಪಸ್ ಬರುವುದೂ ಅದೇ ಹೊತ್ತಿಗೆ. ಮಳೆಗಾಲದಲ್ಲಿ ಪಾಲಿಕೆಯವರು ಸೊಸೈಟಿಗಳಿಗೆ ಬಂದು ಕುಂಡದ ತಟ್ಟೆಗಳನ್ನೇ ಮೊದಲು ಬಗ್ಗಿ ನೋಡುತ್ತಾರೆ. ಕೆಳಗಿನ ಮನೆಗೆ ನೀರು ತೊಟ್ಟಿಕ್ಕಬಾರದು ಅಂತ ತಟ್ಟೆ ಇಡಲೇಬೇಕಾದರೆ ನೀರು ಹಾಕಿದ ಅರ್ಧ ಗಂಟೆಗೆ ಚೆಲ್ಲಿಬಿಡಿ.

ಟೇಬಲ್ ರೋಸ್‌ಗೆ ಆಳ ಬೇಡ, 5-6 ಇಂಚಿನ ಅಗಲ ಬಾಯಿಯ ಕುಂಡ ಸಾಕು. ಜಿನ್ನಿಯಾ, ನಿತ್ಯಪುಷ್ಪಕ್ಕೆ 8 ಇಂಚು, ಒಂದರಲ್ಲಿ ಒಂದೇ ಗಿಡ. ಸಂಜೆಮಲ್ಲಿಗೆ, ಚೆಂಡು ಹೂವಿಗೆ 10-12 ಇಂಚು.

ಊರಿಗೆ ಹೋಗುವ ಹಿಂದಿನ ರಾತ್ರಿ ಎಲ್ಲ ಕುಂಡಗಳಿಗೂ ತಳದಿಂದ ಹರಿಯುವ ತನಕ ನೀರು ಹಾಕಿ. ಬೆಳಿಗ್ಗೆ ಎಲ್ಲವನ್ನೂ ಬಿಸಿಲು ಬೀಳದ ಒಳಗಿನ ಗೋಡೆ ಹತ್ತಿರ ಒಟ್ಟಿಗೆ ಒತ್ತಿ ಇಡಿ, ಒಂದು ವಾರ ಬಿಸಿಲಿಲ್ಲದಿದ್ದರೆ ಏನೂ ಆಗುವುದಿಲ್ಲ. ಜಿನ್ನಿಯಾಗೆ ಮಾತ್ರ ಸ್ಟೂಲ್ ಮೇಲೆ ಒಂದು ಬಕೆಟ್ ನೀರಿಟ್ಟು, ದಪ್ಪ ಹತ್ತಿ ಬತ್ತಿಯನ್ನು ಮೊದಲೇ ನೆನೆಸಿ, ಒಂದು ತುದಿ ಬಕೆಟ್ ತಳದಲ್ಲಿ, ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ಎರಡು ಇಂಚು ಇಳಿಸಿ. ಬಕೆಟ್ ಕುಂಡಕ್ಕಿಂತ ಎತ್ತರದಲ್ಲಿರಬೇಕು. ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ಇದರಲ್ಲೂ ಸೊಳ್ಳೆ ಆಗುತ್ತದೆ. ಹೋಗುವುದಕ್ಕೆ ಒಂದೆರಡು ದಿನ ಮುಂಚೆಯೇ ಕಟ್ಟಿ ನೋಡಿ, ಬತ್ತಿ ತೆಳುವಾದರೆ ಮಣ್ಣು ಒಣಗಿಯೇ ಇರುತ್ತದೆ, ದಪ್ಪವಾದರೆ ಒಂದೇ ರಾತ್ರಿಗೆ ಬಕೆಟ್ ಖಾಲಿ.